ಬ್ಯಾಗ್ ಅಂಗಡಿಗೆ ಹೋಗುವ ಮುನ್ನ ಟೈಮ್‌ಟೇಬಲ್ ಕೇಳಿ

ಮೇ ಕೊನೆಯ ವಾರ ಬಂತೆಂದರೆ ಬೆಂಗಳೂರಿನ ಚಿಕ್ಕಪೇಟೆಯಿಂದ ಹಿಡಿದು ಕಲಬುರಗಿಯ ಸೂಪರ್ ಮಾರ್ಕೆಟ್‌ವರೆಗೆ ಅಂಗಡಿಗಳ ಮುಂದೆ ಸ್ಕೂಲ್ ಬ್ಯಾಗುಗಳು ತೋರಣದ ಥರ ನೇತಾಡುತ್ತವೆ. ಸ್ಪೈಡರ್‌ಮ್ಯಾನ್, ಯೂನಿಕಾರ್ನ್, ಛೋಟಾ ಭೀಮ್. ಮೊಬೈಲ್ ತೆರೆದರೆ ಇನ್ನೂ ದೊಡ್ಡ ಸಂತೆ. ಅಲ್ಲಿ ಕಾರ್ಟೂನ್ ಜೊತೆಗೆ ಹೊಸ ಮಂತ್ರವೊಂದು ಸೇರಿಕೊಂಡಿದೆ: ‘ಆರ್ಥೋಪೆಡಿಕ್’, ‘ಎರ್ಗೊನಾಮಿಕ್’, ‘ಬೆನ್ನಿಗೆ ಹಿತ’. ಮುನ್ನೂರು ರೂಪಾಯಿಯ ಬ್ಯಾಗಿನ ಪಕ್ಕದಲ್ಲೇ ಮೂರು ಸಾವಿರದ ಬ್ಯಾಗು. ಅಪ್ಪ-ಅಮ್ಮಂದಿರ ಮುಖದಲ್ಲಿ ಒಂದು ಸಣ್ಣ ಅಪರಾಧಿ ಭಾವ. ಕಡಿಮೆ ಬೆಲೆಯದ್ದು ಕೊಡಿಸಿದರೆ ಮಗುವಿನ ಬೆನ್ನು ಹಾಳು ಮಾಡಿದ ಪಾಪ ತಮಗೇ ಬರುತ್ತೇನೋ ಅಂತ.

ನನ್ನ ತಕರಾರು ಇರುವುದು ಈ ಅಪರಾಧಿ ಭಾವದ ಬಗ್ಗೆ. ಒಂದು ಮಗು ಎಷ್ಟು ತೂಕ ಹೊರಬೇಕು ಅನ್ನುವುದನ್ನು ಮನೆಯವರು ತೀರ್ಮಾನಿಸುವುದಿಲ್ಲ. ಶಾಲೆಯ ಪುಸ್ತಕ ಪಟ್ಟಿ, ವೇಳಾಪಟ್ಟಿ, ನಲ್ಲಿ ನೀರಿನ ಗುಣಮಟ್ಟ, ಇಲಾಖೆಯ ಸುತ್ತೋಲೆ ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಹೀಗೆ ಸಾರ್ವಜನಿಕವಾಗಿ ಹುಟ್ಟಿದ ಹೊರೆಗೆ ಪರಿಹಾರವನ್ನು ಮಾತ್ರ ಖಾಸಗಿಯಾಗಿ, ಅಂಗಡಿಯಲ್ಲಿ, ನಮ್ಮ ಜೇಬಿನಿಂದ ಕೊಳ್ಳಬೇಕು. ಇದು ನಮಗೆ ಹೊಸದೇನಲ್ಲ. ಕುಡಿಯುವ ನೀರು ಕೆಟ್ಟರೆ ಫಿಲ್ಟರ್ ಕೊಳ್ಳುತ್ತೇವೆ, ಕರೆಂಟ್ ಕೈಕೊಟ್ಟರೆ ಯುಪಿಎಸ್ ತರುತ್ತೇವೆ, ಹಾಗೆಯೇ ಇದು. ಈ ಸಾಲುಗಳನ್ನು ಓದುವ ಬಹಳಷ್ಟು ಜನರಿಗೆ ಇನ್ನೂ ಮಕ್ಕಳಿಲ್ಲದಿರಬಹುದು, ಮದುವೆಯೂ ಬೇಡವಾಗಿರಬಹುದು. ಆದರೆ ಅಕ್ಕನ ಮಗಳಿಗೆ ಬ್ಯಾಗ್ ಕೊಡಿಸುವವರು, ಊರಿನ ಶಾಲೆಗೆ ನೂರು ಬ್ಯಾಗ್ ಹಂಚೋಣ ಅಂತ ಗೆಳೆಯರ ಗ್ರೂಪಿನಲ್ಲಿ ದುಡ್ಡು ಒಟ್ಟು ಮಾಡುವವರು ನೀವೇ. ಹಾಗಾಗಿ ಈ ವಿಷಯ ನಿಮ್ಮದೂ ಹೌದು.

ಮೊದಲು ಇತಿಹಾಸ, ಸ್ವಲ್ಪ ಬೇಗ ಬೇಗ. ಈ ಚರ್ಚೆಯನ್ನು ದೆಹಲಿಗೆ ಮುಟ್ಟಿಸಿದವರು ನಮ್ಮ ಮೈಸೂರಿನ ಆರ್.ಕೆ. ನಾರಾಯಣ್. ರಾಜ್ಯಸಭೆಗೆ ನಾಮನಿರ್ದೇಶನಗೊಂಡಿದ್ದ ಅವರು 1989ರಲ್ಲಿ ತಮ್ಮ ಮೊದಲ ಭಾಷಣಕ್ಕೆ ಆಯ್ದುಕೊಂಡ ವಿಷಯ ಸಾಹಿತ್ಯವಲ್ಲ, ಶಾಲಾ ಮಕ್ಕಳ ಬ್ಯಾಗು. ಮಾಲ್ಗುಡಿಯ ಸ್ವಾಮಿಯನ್ನು ಸೃಷ್ಟಿಸಿದ ಲೇಖಕನಿಗೆ ಇದಕ್ಕಿಂತ ಸಹಜ ವಿಷಯ ಇನ್ನೊಂದಿತ್ತೇ? ಅದಾದ ಮೇಲೆ 1992ರಲ್ಲಿ ವಿಜ್ಞಾನಿ ಯಶ್‌ಪಾಲ್ ನೇತೃತ್ವದ ಸಮಿತಿ, 1993ರಲ್ಲಿ ಅದರ ವರದಿ. ಆ ವರದಿ ಬರೀ ಕೆಜಿ ಲೆಕ್ಕ ಹೇಳಲಿಲ್ಲ. ಬೆನ್ನ ಮೇಲಿನ ಭಾರಕ್ಕಿಂತ, ಓದಿದ್ದು ಅರ್ಥವಾಗದೇ ಹೋಗುವುದೇ ದೊಡ್ಡ ಹೊರೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಸರ್ಕಾರಗಳು ಆ ಕಷ್ಟದ ಭಾಗವನ್ನು ಮೆಲ್ಲಗೆ ಬದಿಗಿಟ್ಟು ಸುಲಭದ ಭಾಗವಾದ ಕೆಜಿಯನ್ನು ಹಿಡಿದುಕೊಂಡವು. ಅದನ್ನಾದರೂ ಮಾಡಿದವಾ? 2006ರಲ್ಲಿ ರಾಜ್ಯಸಭೆಯಲ್ಲಿ ಬ್ಯಾಗಿನ ತೂಕಕ್ಕೆ ಮಿತಿ ಹಾಕುವ ಖಾಸಗಿ ಮಸೂದೆ ಬಂತು, ಕಾನೂನಾಗಲಿಲ್ಲ. 2018ರ ಮೇನಲ್ಲಿ ಮದ್ರಾಸ್ ಹೈಕೋರ್ಟ್ ಚಾಟಿ ಬೀಸಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ತರಗತಿವಾರು ಮಿತಿ ಹೇಳಿತು. 2019ರಲ್ಲಿ ಕರ್ನಾಟಕದ ಆದೇಶ. 2020ರಲ್ಲಿ ಕೇಂದ್ರದ ‘ಶಾಲಾ ಬ್ಯಾಗ್ ನೀತಿ’. 2023ರ ಜೂನ್‌ನಲ್ಲಿ ನಮ್ಮ ಶಿಕ್ಷಣ ಇಲಾಖೆಯಿಂದ ಅದೇ 2019ರ ಆದೇಶವನ್ನು ಪಾಲಿಸಿ ಅಂತ ಮತ್ತೊಂದು ಸುತ್ತೋಲೆ.

ಒಂದು ಆದೇಶವನ್ನು ಪಾಲಿಸಿ ಎಂದು ಹೇಳಲು ಇನ್ನೊಂದು ಸುತ್ತೋಲೆ ಬೇಕಾಯಿತು ಅಂದರೆ ಮೊದಲನೆಯದರ ಗತಿ ಏನಾಗಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಫೀಸ್ ವಿಚಾರಕ್ಕೆ, ಮಾನ್ಯತೆ ವಿಚಾರಕ್ಕೆ ಖಾಸಗಿ ಶಾಲೆಗಳಿಗೆ ನೋಟಿಸ್ ಹೋದ ಸುದ್ದಿ ಆಗಾಗ ಓದುತ್ತೇವೆ. ಬ್ಯಾಗ್ ಭಾರವಾಯ್ತು ಅಂತ ಯಾವುದೇ ಶಾಲೆಯ ಮಾನ್ಯತೆ ರದ್ದಾದ ಸುದ್ದಿಯನ್ನು ನಾನಂತೂ ಓದಿಲ್ಲ.

ಲೆಕ್ಕ ಹಾಕೋಣ

ಕರ್ನಾಟಕದ ಮಿತಿ ಹೀಗಿದೆ: 1–2ನೇ ತರಗತಿಗೆ 1.5ರಿಂದ 2 ಕೆಜಿ, 3ರಿಂದ 5ಕ್ಕೆ 2ರಿಂದ 3 ಕೆಜಿ, 6ರಿಂದ 8ಕ್ಕೆ 3ರಿಂದ 4 ಕೆಜಿ, 9–10ಕ್ಕೆ 4ರಿಂದ 5 ಕೆಜಿ. ಕೇಂದ್ರದ 2020ರ ನೀತಿಯಲ್ಲಿ 3–5ನೇ ತರಗತಿಗೆ ಗರಿಷ್ಠ 2.5 ಕೆಜಿ, 6–7ಕ್ಕೆ 3 ಕೆಜಿ, 9–10ಕ್ಕೆ 4.5 ಕೆಜಿ. ಅಂದರೆ ಒಂದು-ಎರಡನೇ ಕ್ಲಾಸಿನ ಮಕ್ಕಳ ವಿಷಯದಲ್ಲಿ ನಾವು ಕೇಂದ್ರಕ್ಕಿಂತ ಬಿಗಿ, ಮೂರನೇ ಕ್ಲಾಸಿನಿಂದ ಮೇಲಕ್ಕೆ, ಎಂಟನೆಯದನ್ನು ಬಿಟ್ಟರೆ, ಕೇಂದ್ರಕ್ಕಿಂತ ಸಡಿಲ. ಎರಡಕ್ಕೂ ಮೂಲ ಸೂತ್ರ ಒಂದೇ: ಬ್ಯಾಗು ಮಗುವಿನ ತೂಕದ ಶೇ. 10ನ್ನು ದಾಟಬಾರದು.

ಈಗ ಮೂರನೇ ಕ್ಲಾಸಿನ ಒಂದು ಮಗುವನ್ನು ತಗೊಳ್ಳಿ. ವಯಸ್ಸು 8, ತೂಕ 24 ಕೆಜಿ ಅಂತಿಟ್ಟುಕೊಳ್ಳೋಣ. ಶೇ. 10 ಅಂದರೆ 2.4 ಕೆಜಿ. ಅಲ್ಲಿಗೆ ನಮ್ಮ ರಾಜ್ಯದ 3 ಕೆಜಿ ಗರಿಷ್ಠ ಮಿತಿ ತನ್ನದೇ ಸೂತ್ರವನ್ನು ಮುರಿಯುತ್ತದೆ. ಇರಲಿ, ಮುಂದಕ್ಕೆ ಹೋಗೋಣ. ಮುಕ್ಕಾಲು ಲೀಟರ್ ನೀರು, ಅಂದರೆ 750 ಗ್ರಾಂ. ಅದರ ಸ್ಟೀಲ್ ಬಾಟಲಿ ಸೇರಿದರೆ ಹೆಚ್ಚುಕಡಿಮೆ ಒಂದು ಕೆಜಿ. ಊಟದ ಡಬ್ಬಿ ಅರ್ಧ ಕೆಜಿ. ಖಾಲಿ ಬ್ಯಾಗು 600 ಗ್ರಾಂ. ಆಯ್ತಲ್ಲ, 2.1 ಕೆಜಿ! ಇನ್ನೂ ಒಂದು ಪುಸ್ತಕವನ್ನೂ ಒಳಗಿಟ್ಟಿಲ್ಲ. ಉಳಿದಿರುವುದು 300 ಗ್ರಾಂ. ಬಾಟಲಿ, ಡಬ್ಬಿ ಎಲ್ಲ ಬ್ಯಾಗಿನ ಲೆಕ್ಕಕ್ಕೆ ಬರಲ್ಲ ಅಂತ ಶಾಲೆ ವಾದ ಮಾಡಬಹುದು. ಬೆನ್ನು ಆ ವಾದ ಕೇಳುವುದಿಲ್ಲ.

ನೋಟ್‌ಬುಕ್ಕಿನ ತೂಕ ಅಂದಾಜು ಮಾಡುವುದು ಸುಲಭ. 24 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ 200 ಪುಟದ ಪುಸ್ತಕದಲ್ಲಿ ನೂರು ಹಾಳೆ. ಚದರ ಮೀಟರಿಗೆ 56 ಗ್ರಾಂ ತೂಗುವ ಕಾಗದವಾದರೆ ಬರೀ ಹಾಳೆಗಳೇ 240 ಗ್ರಾಂ ಆಗುತ್ತವೆ, ರಟ್ಟು ಮತ್ತು ಬ್ರೌನ್ ಪೇಪರ್ ಬೈಂಡ್ ಸೇರಿ 270 ಅಂದುಕೊಳ್ಳಿ. ಆರು ವಿಷಯ, ಪ್ರತಿಯೊಂದಕ್ಕೂ ಕ್ಲಾಸ್‌ವರ್ಕ್ ಒಂದು, ಹೋಮ್‌ವರ್ಕ್ ಒಂದು. ಎಲ್ಲವನ್ನೂ ಒಟ್ಟಿಗೆ ಹೊತ್ತ ದಿನ ನೋಟ್‌ಬುಕ್ಕುಗಳೇ 3.2 ಕೆಜಿ. ಪಠ್ಯಪುಸ್ತಕ ಇನ್ನೂ ಹೊರಗಡೆ ಇದೆ. ಜೂನ್ ತಿಂಗಳಲ್ಲಿ ಆ 200 ಪುಟಗಳಲ್ಲಿ ತುಂಬುವುದು ಹತ್ತೋ ಹನ್ನೆರಡೋ. ಉಳಿದ 190 ಖಾಲಿ ಪುಟಗಳನ್ನು ಮಗು ತಿಂಗಳುಗಟ್ಟಲೆ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಹೊತ್ತು ಅಡ್ಡಾಡುತ್ತದೆ. ಹಗುರ ನೋಟ್‌ಬುಕ್ ಕೊಡಬಹುದು, ನೂರು ಪುಟದ್ದು ಸಾಕು. ಆದರೆ ಎಷ್ಟೋ ಕಡೆ ನೋಟ್‌ಬುಕ್ ಶಾಲೆಯ ಹೆಸರು ಅಚ್ಚಾಗಿಯೇ ಬರುತ್ತೆ, ಕಟ್ಟು ಕಟ್ಟಿ ಬಿಲ್ ಸಮೇತ ಕೈಗಿಡುತ್ತಾರೆ. ಅಲ್ಲಿ ಆಯ್ಕೆ ಅನ್ನುವುದೇ ಇಲ್ಲ.

ಕಾಗದದ ಮೇಲಿನ ಸೂತ್ರದಲ್ಲಿ ಇನ್ನೊಂದು ಹುಳುಕಿದೆ, ಅದು ನನ್ನನ್ನು ಹೆಚ್ಚು ಕಾಡುವಂಥದ್ದು. ಸೂತ್ರ ಹೇಳುವುದು ಮಗುವಿನ ತೂಕದ ಲೆಕ್ಕ, ಆದೇಶ ಹೇಳುವುದು ತರಗತಿಯ ಲೆಕ್ಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 32.9ರಷ್ಟು ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು. ಇವರೇ ತಾನೇ ಮರುವರ್ಷ ಒಂದನೇ ಕ್ಲಾಸಿಗೆ ಬರುವವರು? 15 ಕೆಜಿ ತೂಗುವ ಮಗು ಒಂದನೇ ಕ್ಲಾಸಿಗೆ ಬಂದರೆ ಅದರ ಮಿತಿ 1.5 ಕೆಜಿ. ಆದೇಶ 2 ಕೆಜಿವರೆಗೆ ಹೊರಬಹುದು ಎನ್ನುತ್ತದೆ. ಪಕ್ಕದಲ್ಲಿ ಕೂತ 22 ಕೆಜಿಯ ಮಗುವಿಗೆ ಅದೇ 2 ಕೆಜಿ ಲೆಕ್ಕಕ್ಕಿಲ್ಲ. ಸರಾಸರಿ ಮಗುವಿಗೆ ಬರೆದ ನಿಯಮ ಯಾರ ಬೆನ್ನ ಮೇಲೆ ಹೆಚ್ಚು ಬೀಳುತ್ತದೆ ಎನ್ನುವುದು ಈ ದೇಶದಲ್ಲಿ ಊಹಿಸಲು ಕಷ್ಟವಲ್ಲ.

ಇಲ್ಲಿ ಒಂದು ಪ್ರಾಮಾಣಿಕ ಮಾತು ಹೇಳಿಬಿಡಬೇಕು, ಯಾಕಂದ್ರೆ ಜಾಹೀರಾತುಗಳು ಹೇಳುವುದಿಲ್ಲ. ಭಾರದ ಬ್ಯಾಗಿನಿಂದ ಮಕ್ಕಳಿಗೆ ಬೆನ್ನುನೋವು ಬರುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ನಾವು ಅಂದುಕೊಂಡಷ್ಟು ಗಟ್ಟಿ ಇಲ್ಲ. 2018ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ನಲ್ಲಿ ಪ್ರಕಟವಾದ ಪರಾಮರ್ಶೆಯೊಂದು 69 ಅಧ್ಯಯನಗಳನ್ನು, ಅಂದರೆ 72 ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಜಾಲಾಡಿತು. ಬ್ಯಾಗಿನ ತೂಕ, ವಿನ್ಯಾಸ, ಹೊರುವ ರೀತಿ ಇವುಗಳಿಂದ ಬೆನ್ನುನೋವಿನ ಅಪಾಯ ಹೆಚ್ಚುತ್ತದೆ ಎನ್ನಲು ಒಪ್ಪುವಂಥ ಪುರಾವೆ ಅದಕ್ಕೆ ಸಿಗಲಿಲ್ಲ. ಶೇ. 10 ಎಂಬ ಸಂಖ್ಯೆಯೂ ಕಲ್ಲಿನಲ್ಲಿ ಕೆತ್ತಿದ್ದಲ್ಲ, ಅಮೆರಿಕದ ಮಕ್ಕಳ ವೈದ್ಯರ ಸಂಘ ಶೇ. 10ರಿಂದ 20ರವರೆಗೆ ಅನ್ನುತ್ತದೆ. ಹಾಗಾದರೆ ಇಷ್ಟೆಲ್ಲ ಗಲಾಟೆ ಯಾಕೆ ಅಂತ ನೀವು ಕೇಳಬಹುದು. ನನ್ನ ಉತ್ತರ ಸರಳ. ಮಗುವಿಗೆ ಭುಜ ನೋಯುತ್ತಿದೆ, ಅದು ಮುಂದಕ್ಕೆ ಬಾಗಿ ನಡೆಯುತ್ತಿದೆ, ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದೆ ಅನ್ನುವುದು ಸಾಲದೇ? ಅದು ಮುಂದೆ ರೋಗವಾಗುತ್ತದೆ ಎಂದು ಸಾಬೀತು ಮಾಡಿದರೆ ಮಾತ್ರ ಕಷ್ಟವನ್ನು ಕಷ್ಟ ಅಂತ ಒಪ್ಪುವುದಾ? ವಯಸ್ಕರ ಕೆಲಸದ ಜಾಗದಲ್ಲಿ ಹೀಗೆ ಯಾರೂ ವಾದಿಸುವುದಿಲ್ಲ. ಆದರೆ ಈ ಪರಾಮರ್ಶೆಯಿಂದ ಒಂದು ಲಾಭವಿದೆ. ‘ನಮ್ಮ ಬ್ಯಾಗ್ ಬೆನ್ನುಮೂಳೆ ಕಾಪಾಡುತ್ತೆ’ ಅಂತ ಮೂರು ಸಾವಿರ ಕೇಳುವ ಕಂಪನಿಗೆ ನೀವು ನಿಶ್ಚಿಂತೆಯಿಂದ ಬೇಡ ಅನ್ನಬಹುದು.

ಹಾಗಾದರೆ ಯಾವ ಬ್ಯಾಗು?

ಕೊಳ್ಳಲೇಬೇಕಲ್ಲ, ಕೊಳ್ಳೋಣ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತದ್ದರಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುವುದು ಮೊದಲ ವರ್ಷದ ಮೆಕ್ಯಾನಿಕ್ಸ್ ಮಾತ್ರ, ಇಲ್ಲಿ ಅದಷ್ಟೇ ಸಾಕು.

ತೂಕ ಎಷ್ಟು ಎನ್ನುವಷ್ಟೇ ಮುಖ್ಯ, ಆ ತೂಕ ಬೆನ್ನಿನಿಂದ ಎಷ್ಟು ದೂರದಲ್ಲಿದೆ ಎನ್ನುವುದು. 4 ಕೆಜಿಯ ಭಾರಕೇಂದ್ರ ಬೆನ್ನಿನಿಂದ 12 ಸೆಂ.ಮೀ. ದೂರದಲ್ಲಿದ್ದರೆ ಅದು ಮಗುವನ್ನು ಹಿಂದಕ್ಕೆ ಎಳೆಯುವ ಬಲದ ಪರಿಣಾಮ 48 ಅಂತಿಟ್ಟುಕೊಳ್ಳಿ. ಅದೇ 4 ಕೆಜಿ 20 ಸೆಂ.ಮೀ. ದೂರ ಸರಿದರೆ 80. ಒಂದು ಗ್ರಾಂ ಕೂಡ ಹೆಚ್ಚಾಗಿಲ್ಲ, ಎಳೆತ ಮಾತ್ರ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ಅದನ್ನು ಸರಿದೂಗಿಸಲು ಮಗು ಮುಂದಕ್ಕೆ ಬಾಗುತ್ತದೆ, ಕುತ್ತಿಗೆ ಚಾಚುತ್ತದೆ. ಹಾಗಾಗಿ ಬ್ಯಾಗು ದಪ್ಪಗೆ ಹಿಂದಕ್ಕೆ ಉಬ್ಬಿರಬಾರದು, ಚಪ್ಪಟೆಯಾಗಿರಬೇಕು. ಒಳಗೆ ಎರಡು ಖಾನೆಯಾದರೂ ಇರಬೇಕು, ದಪ್ಪ ಪುಸ್ತಕ ಬೆನ್ನಿಗೆ ಹತ್ತಿದ ಖಾನೆಗೆ ಹೋಗಬೇಕು, ಪೆನ್ಸಿಲ್ ಬಾಕ್ಸು, ಬಣ್ಣದ ಡಬ್ಬಿ ಹೊರಗಿನದಕ್ಕೆ. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ಊಟದ ಡಬ್ಬಿ ಸಾರು ಚೆಲ್ಲೀತು ಅಂತ ಅದನ್ನು ತೀರಾ ಹೊರಗಿನ ಖಾನೆಗೆ ತುರುಕುತ್ತೇವೆ, ಭಾರವೆಲ್ಲ ದೂರ ಹೋಗಿ ಕೂರುತ್ತದೆ.

ಪಟ್ಟಿಯ ಲೆಕ್ಕ ಇನ್ನೂ ಸುಲಭ. ಒತ್ತಡ ಅಂದರೆ ಭಾರವನ್ನು ಅದು ಕೂತ ಜಾಗದಿಂದ ಭಾಗಿಸುವುದು. ಮೂರು ಸೆಂ.ಮೀ. ಅಗಲದ ಪಟ್ಟಿ ಭುಜ ಒತ್ತುವುದರ ಅರ್ಧದಷ್ಟನ್ನು ಮಾತ್ರ ಆರು ಸೆಂ.ಮೀ.ನದ್ದು ಒತ್ತುತ್ತದೆ. ಹೈಸ್ಕೂಲ್ ಹುಡುಗರ ಸ್ಟೈಲಿನಲ್ಲಿ ಒಂದೇ ಭುಜಕ್ಕೆ ನೇತುಹಾಕಿದರೆ ಒತ್ತಡ ನೇರ ಎರಡು ಪಟ್ಟು. ಐದು ಸೆಂ.ಮೀ.ಗಿಂತ ಅಗಲದ, ಒಳಗೆ ಫೋಮ್ ಇರುವ ಪಟ್ಟಿ ನೋಡಿ. ಫೋಮನ್ನು ಬೆರಳಲ್ಲಿ ಒತ್ತಿ, ಅದು ಪುಟಿದು ಮೇಲೆ ಬರಬೇಕು, ಒತ್ತಿದ ಗುಳಿ ಹಾಗೇ ಉಳಿದರೆ ದೀಪಾವಳಿ ಹೊತ್ತಿಗೆ ಅದು ಬರೀ ಬಟ್ಟೆ. ಎದೆಯ ಮುಂದೆ ಎರಡೂ ಪಟ್ಟಿ ಸೇರಿಸುವ ಸಣ್ಣ ಕ್ಲಿಪ್ಪಿದ್ದರೆ ಒಳ್ಳೆಯದು, ಇಳಿಜಾರು ಭುಜದ ಸಣಕಲು ಮಕ್ಕಳಿಗಂತೂ ಬೇಕೇಬೇಕು. ಪಟ್ಟಿಯ ಉದ್ದವನ್ನು ಬಿಗಿ-ಸಡಿಲ ಮಾಡುವ ಬಕಲ್ ಜಾರದೆ ನಿಲ್ಲುತ್ತಾ ಅಂತ ಅಂಗಡಿಯಲ್ಲೇ ಎಳೆದು ನೋಡಿ.

ಅಳತೆ ವಿಷಯದಲ್ಲಿ ನಮ್ಮ ಮನೆಗಳಲ್ಲೊಂದು ಹಳೇ ಚಾಳಿ. ‘ಬೆಳೆಯೋ ಮಕ್ಕಳು, ಒಂದು ಸೈಜ್ ದೊಡ್ಡದೇ ಇರಲಿ.’ ಯೂನಿಫಾರಂಗೆ ಸರಿ, ತೋಳು ಮಡಚಬಹುದು. ಬ್ಯಾಗನ್ನು ಮಡಚಲಾಗದು. ಬ್ಯಾಗಿನ ಮೇಲಂಚು ಭುಜದ ಮಟ್ಟಕ್ಕೆ, ಕೆಳಗಿನ ತುದಿ ಸೊಂಟದ ಹತ್ತಿರಕ್ಕೆ ಇರಬೇಕು. ಸೊಂಟದಿಂದ ನಾಲ್ಕಿಂಚಿಗಿಂತ ಕೆಳಗೆ ಜೋತುಬಿದ್ದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಬಡಿಯುತ್ತದೆ. ಅಗಲ ಮಗುವಿನ ಭುಜದ ಅಗಲ ದಾಟಬಾರದು. ಮಗುವನ್ನು ಕರೆದುಕೊಂಡು ಹೋಗದೆ ಇದು ಗೊತ್ತಾಗುವುದಿಲ್ಲ, ಆನ್‌ಲೈನಿನಲ್ಲಿ ಗೊತ್ತಾಗುವುದೇ ಇಲ್ಲ. ಇನ್ನೊಂದು ಗಮನಿಸಿ: ದೊಡ್ಡ ಬ್ಯಾಗು ಯಾವತ್ತೂ ಖಾಲಿ ಉಳಿಯುವುದಿಲ್ಲ. 35 ಲೀಟರ್ ಜಾಗವಿದ್ದರೆ ನಿನ್ನೆಯ ಪುಸ್ತಕ ತೆಗೆಯುವ ಗೋಜಿಗೆ ಯಾರೂ ಹೋಗಲ್ಲ. ರಿಂಗ್ ರೋಡ್ ಅಗಲ ಮಾಡಿದಷ್ಟೂ ಕಾರು ತುಂಬಿಕೊಳ್ಳುವ ಹಾಗೆ.

ಕೇಳಿದರೆ ಅಂಗಡಿಯವನಿಗೂ ತಕ್ಷಣ ಹೇಳಲಾಗದ ಪ್ರಶ್ನೆ: ಈ ಬ್ಯಾಗಿನ ಖಾಲಿ ತೂಕ ಎಷ್ಟು? ಎಷ್ಟು ಲೀಟರ್ ಹಿಡಿಯುತ್ತೆ ಅಂತ ದೊಡ್ಡಕ್ಷರದಲ್ಲಿ ಇರುತ್ತೆ, ಎಷ್ಟು ಗ್ರಾಂ ಇದೆ ಅಂತ ಇರುವುದು ಅಪರೂಪ. ಉಬ್ಬು ಕಾರ್ಟೂನು, ಗಟ್ಟಿ ಪ್ಲಾಸ್ಟಿಕ್ ಮುಖ, ಹತ್ತು ಜಿಪ್ಪು, ಇವೆಲ್ಲ ಒಂದೊಂದು ಹಿಡಿ ತೂಕ ಸೇರಿಸುತ್ತವೆ. ಒಂದನೇ ಕ್ಲಾಸಿನ ಮಗುವಿಗೆ 2 ಕೆಜಿ ಮಿತಿಯಲ್ಲಿ 900 ಗ್ರಾಂ ಬ್ಯಾಗೇ ನುಂಗಿದರೆ ಅದನ್ನು ಕೊಂಡದ್ದು ಯಾತಕ್ಕೆ? 400–500 ಗ್ರಾಂ ಒಳಗಿನದು ಸಿಗುತ್ತವೆ, ಹುಡುಕಿ. ಚಕ್ರದ ಟ್ರಾಲಿ ಬ್ಯಾಗಿನ ಆಸೆ ಬೇಡ. ಮೆಟ್ಟಿಲಲ್ಲಿ ಅದನ್ನು ಎತ್ತಲೇಬೇಕು, ಆಗ ಚಕ್ರ, ಸರಳುಗಳ ತೂಕವೂ ಕೈಗೆ ಬರುತ್ತದೆ. 2020ರ ನೀತಿ ಕೂಡ ಮೆಟ್ಟಿಲು ಹತ್ತುವಾಗ ಪೆಟ್ಟಾದೀತೆಂದು ಚಕ್ರದ ಬ್ಯಾಗು ಬೇಡ ಅಂದಿದೆ. ಮಲೆನಾಡು, ಕರಾವಳಿಯಾದರೆ ಮಳೆ ಹೊದಿಕೆ ಇರುವುದೇ ಬೇಕು, ನೆನೆದ ಬ್ಯಾಗು, ನೆನೆದ ನೋಟ್‌ಬುಕ್ಕು ಒಣಗಿದ್ದಕ್ಕಿಂತ ಎಷ್ಟು ಭಾರ ಅಂತ ಅಲ್ಲಿಯವರಿಗೆ ಹೇಳಬೇಕಿಲ್ಲ. ಇನ್ನು ಜಿಪ್ಪು ಕಿತ್ತುಹೋದ ಮಾತ್ರಕ್ಕೆ ಹೊಸ ಬ್ಯಾಗು ಬೇಕಾಗಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಕೂರುವ ಬ್ಯಾಗ್ ರಿಪೇರಿಯವರು ರನ್ನರ್ ಬದಲಿಸಿ ಪಟ್ಟಿಗೆ ಎರಡು ಹೊಲಿಗೆ ಹಾಕಿಕೊಟ್ಟರೆ ಇನ್ನೊಂದು ವರ್ಷ ಬರುತ್ತೆ.

ಅಂದಹಾಗೆ, ಸ್ಕೂಲ್ ಬ್ಯಾಗಿಗೆ 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದ ಶೇ. 18 ತೆರಿಗೆ. 2025ರ ಸೆಪ್ಟೆಂಬರಿನಲ್ಲಿ ನೋಟ್‌ಬುಕ್ಕು, ಪೆನ್ಸಿಲ್ ಮೇಲಿನ ತೆರಿಗೆ ಸೊನ್ನೆಗೆ ಇಳಿಯಿತು. ಅವುಗಳನ್ನು ಹೊರುವ ಚೀಲಕ್ಕೆ ಆ ಭಾಗ್ಯ ಬರಲಿಲ್ಲ.

ಭಾರ ಎಲ್ಲಿ ಹುಟ್ಟುತ್ತದೆ

ಒಂದು ವಿಚಿತ್ರ ಇದೆ. ಸರ್ಕಾರಿ ಶಾಲೆಯ ಮಗುವಿನ ಬ್ಯಾಗು ಬಹುತೇಕ ಖಾಸಗಿ ಶಾಲೆಯ ಮಗುವಿನದ್ದಕ್ಕಿಂತ ಹಗುರ. ಕಾರಣ ಬಡತನ ಅಂತ ತಕ್ಷಣ ಅನಿಸಬಹುದು, ಅಲ್ಲ. ಬಿಸಿಯೂಟ ಇದೆ, ಹಾಲಿದೆ, ಮೊಟ್ಟೆ-ಬಾಳೆಹಣ್ಣಿದೆ, ಹಾಗಾಗಿ ಡಬ್ಬಿ ಬೇಕಿಲ್ಲ. ಪಠ್ಯಪುಸ್ತಕ ಸಂಘದ ಪುಸ್ತಕವಲ್ಲದೆ ಬೇರೆ ಪ್ರಕಾಶಕರ ವರ್ಕ್‌ಬುಕ್ಕು, ಜನರಲ್ ನಾಲೆಜ್ ಪುಸ್ತಕ, ವ್ಯಾಕರಣ ಪುಸ್ತಕ, ಕಂಪ್ಯೂಟರ್ ಪುಸ್ತಕ ಇಲ್ಲ. ಅಂದರೆ ಇಡೀ ರಾಜ್ಯದಲ್ಲಿ ಬ್ಯಾಗ್ ಭಾರವನ್ನು ನಿಜಕ್ಕೂ ಇಳಿಸಿದ ಸರ್ಕಾರಿ ಕಾರ್ಯಕ್ರಮ ಯಾವುದು ಅಂತ ಕೇಳಿದರೆ ನಾನು ತೂಕದ ಸುತ್ತೋಲೆಯನ್ನು ತೋರಿಸುವುದಿಲ್ಲ, ಬಿಸಿಯೂಟದ ಅಡುಗೆಮನೆಯನ್ನು ತೋರಿಸುತ್ತೇನೆ. ಆದರೆ ಆ ಮಗುವಿಗೆ ವ್ಯಾನ್ ಇಲ್ಲ, ತೋಟದ ದಾರಿಯಲ್ಲೋ ಹೆದ್ದಾರಿ ಅಂಚಿನಲ್ಲೋ ನಡೆಯಬೇಕು. ಪಠ್ಯಪುಸ್ತಕ, ಸಮವಸ್ತ್ರ, ಶೂ ಸರ್ಕಾರ ಕೊಡುತ್ತೆ, ಬ್ಯಾಗು ಬಹಳ ಕಡೆ ದಾನಿಗಳ ಕೃಪೆ. ದಾನದ ಬ್ಯಾಗುಗಳಲ್ಲಿ ಕಂಪನಿಯ ಲೋಗೋ, ಶಾಸಕರ ಫೋಟೋ ಎದ್ದು ಕಾಣುತ್ತೆ, ಪಟ್ಟಿ ಮಾತ್ರ ಶೂ ಲೇಸಿನ ಹಾಗಿರುತ್ತೆ. ಒಂದರಿಂದ ಏಳನೇ ಕ್ಲಾಸಿನವರೆಗೆ ಎಲ್ಲರಿಗೂ ಒಂದೇ ಅಳತೆ. ಗೆಳೆಯರ ಗುಂಪಿನಲ್ಲಿ ದುಡ್ಡು ಕೂಡಿಸಿ ಹಂಚುವವರು ದಯವಿಟ್ಟು ಎರಡು ಅಳತೆಯನ್ನಾದರೂ ತನ್ನಿ. ನಿಮ್ಮ ಸಂಘದ ಹೆಸರು ಸಣ್ಣಗಿದ್ದರೂ ನಡೆಯುತ್ತೆ.

ಫೋಟೋ ಅಂದಾಗ ನೆನಪಾಯಿತು. ತಮಿಳುನಾಡು ಉಚಿತವಾಗಿ ಬ್ಯಾಗು ಕೊಡುವ ರಾಜ್ಯ. 2021ರಲ್ಲಿ ಸರ್ಕಾರ ಬದಲಾದಾಗ ಜಯಲಲಿತಾ, ಪಳನಿಸ್ವಾಮಿ ಚಿತ್ರವಿದ್ದ ಲಕ್ಷಾಂತರ ಬ್ಯಾಗು ಗೋದಾಮಿನಲ್ಲಿದ್ದವು. ಸ್ಟಾಲಿನ್ ಅವನ್ನೇ ಹಂಚಿ ಎಂದರು, ಕೋಟಿಗಟ್ಟಲೆ ಉಳಿಯಿತು. ನಮ್ಮಲ್ಲಿ ಹೀಗಾಗಿದ್ದರೆ ಏನಾಗುತ್ತಿತ್ತು ಅಂತ ಕಲ್ಪಿಸಿಕೊಳ್ಳುವುದನ್ನು ನಿಮಗೇ ಬಿಡುತ್ತೇನೆ. ಆದರೆ ಆ ರಾಜ್ಯದಿಂದ ನಾವು ನೋಡಬೇಕಾದ್ದು ಬೇರೆ. 2012–13ರಲ್ಲಿ ಅವರು ಎಂಟನೇ ತರಗತಿವರೆಗೆ ವರ್ಷವನ್ನು ಮೂರು ಅವಧಿಯಾಗಿ ಒಡೆದು, ಆಯಾ ಅವಧಿಯ ಹಲವು ವಿಷಯಗಳನ್ನು ಒಂದೇ ಸಂಪುಟಕ್ಕೆ ಕಟ್ಟಿದರು. ಮಗು ಮಾರ್ಚ್ ತಿಂಗಳ ಪಾಠವನ್ನು ಜೂನ್‌ನಲ್ಲಿ ಹೊರುವುದು ತಪ್ಪಿತು. ನಮ್ಮಲ್ಲೂ ಪಠ್ಯಪುಸ್ತಕಗಳು ಭಾಗ-1, ಭಾಗ-2 ಅಂತ ಬರುತ್ತಿವೆ, ಒಳ್ಳೆಯದೇ. ಮಹಾರಾಷ್ಟ್ರ 2023ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪಠ್ಯಪುಸ್ತಕದ ಪಾಠಗಳ ನಡುವೆಯೇ ಖಾಲಿ ಹಾಳೆ ಸೇರಿಸಿತು, ನೋಟ್‌ಬುಕ್ಕೇ ಬೇಡವಾಗಲಿ ಅಂತ. ಶಿಕ್ಷಕರು ನೋಟ್‌ಬುಕ್ ಕೇಳುವುದು ನಿಲ್ಲಿಸಲಿಲ್ಲ, ಮಕ್ಕಳು ಎರಡನ್ನೂ ಹೊತ್ತರು, 2025ರ ಜನವರಿಯಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಪುಸ್ತಕ ಬದಲಿಸಿ ತರಗತಿಯ ಅಭ್ಯಾಸ ಬದಲಿಸದಿದ್ದರೆ ಭಾರ ಇಳಿಯುವ ಬದಲು ಏರುತ್ತದೆ ಎನ್ನುವುದಕ್ಕೆ ಇದಕ್ಕಿಂತ ದುಬಾರಿ ಪ್ರಯೋಗ ಬೇಕಿಲ್ಲ. ಜಪಾನಿನ ಗಟ್ಟಿ ಚರ್ಮದ ಬ್ಯಾಗು ‘ರಾಂದೊಸೆರು’ ಬಗ್ಗೆ ಇನ್‌ಸ್ಟಾಗ್ರಾಮಿನಲ್ಲಿ ನೋಡಿರುತ್ತೀರಿ. ಖಾಲಿಯೇ ಒಂದು ಕೆಜಿಗಿಂತ ಹೆಚ್ಚು ತೂಗುವ ಆ ಬ್ಯಾಗನ್ನು ಅವರು ಬಿಡಲಿಲ್ಲ, ಆದರೆ 2018ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಮನೆಗೆ ಬೇಡದ ಪುಸ್ತಕವನ್ನು ಶಾಲೆಯಲ್ಲೇ ಬಿಡಲು ಅವಕಾಶ ಕೊಡಿ ಅಂತ ಶಾಲೆಗಳಿಗೆ ತಿಳಿಸಿತು.

ನಮ್ಮ ರಾಜ್ಯ ಹಿಡಿದುಕೊಂಡಿರುವುದು ತಿಂಗಳ ಮೂರನೇ ಶನಿವಾರದ ಬ್ಯಾಗ್ ರಹಿತ ದಿನ. ಸಂಭ್ರಮ ಶನಿವಾರ ಅಂತ ಚಂದದ ಹೆಸರೂ ಇದೆ. ಮಕ್ಕಳಿಗೆ ಅವತ್ತು ಖುಷಿ, ಅದನ್ನು ತೆಗೆಯಿರಿ ಅಂತ ಹೇಳುವಷ್ಟು ಕಟುಕ ನಾನಲ್ಲ. ಆದರೆ ವರ್ಷಕ್ಕೆ ಹತ್ತು ದಿನ ಬ್ಯಾಗಿಲ್ಲದಿದ್ದರೆ ಉಳಿದ ಇನ್ನೂರಕ್ಕೂ ಹೆಚ್ಚು ದಿನಗಳ ಸರಾಸರಿ ಭಾರ ಎಷ್ಟು ಕಡಿಮೆಯಾದೀತು, ನೀವೇ ಲೆಕ್ಕ ಹಾಕಿ. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಲು ಸುಲಭವಾದ ಪರಿಹಾರವಿದು. ಟೈಮ್‌ಟೇಬಲ್ ತಿದ್ದುವುದನ್ನು ಫೋಟೋ ತೆಗೆಯಲಾಗುವುದಿಲ್ಲ.

ನಿಜವಾಗಿ ತೂಕ ಇಳಿಯುವುದು ಬೇಸರ ಹುಟ್ಟಿಸುವಷ್ಟು ಸಣ್ಣ ಜಾಗಗಳಲ್ಲಿ. ನೀರನ್ನೇ ನೋಡಿ. ಬ್ಯಾಗಿನಲ್ಲಿರುವ ಅತಿ ಭಾರದ ಒಂಟಿ ವಸ್ತು ಅದು. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯ ಪ್ರಕಾರ ಎಲ್ಲ ಮಕ್ಕಳಿಗೆ ಸುರಕ್ಷಿತ, ಸಾಕಷ್ಟು ಕುಡಿಯುವ ನೀರು ಕೊಡುವುದು ಶಾಲೆಯ ಹೊಣೆ. ಅಂದರೆ ಮಗು ದಿನಾ ಹೊರುವ ಆ ಒಂದು ಕೆಜಿ, ಶಾಲೆ ಮಾಡದೇ ಬಿಟ್ಟ ಕಾನೂನುಬದ್ಧ ಕೆಲಸದ ತೂಕ. ಟ್ಯಾಂಕ್ ತೊಳೆದ ದಿನಾಂಕ, ಫಿಲ್ಟರ್ ಬದಲಿಸಿದ ದಿನಾಂಕವನ್ನು ನಲ್ಲಿಯ ಮೇಲೆ ಬರೆದು ಅಂಟಿಸಿದರೆ ಅಮ್ಮಂದಿರಿಗೆ ನಂಬಿಕೆ ಬರುತ್ತದೆ, ಮಗು ಖಾಲಿ ಬಾಟಲಿ ತರುತ್ತದೆ. ಎರಡನೆಯದು, ತರಗತಿಯ ಹಿಂಬದಿ ಒಂದು ಕಬ್ಬಿಣದ ರ‍್ಯಾಕ್. ಕ್ಲಾಸ್‌ವರ್ಕ್ ನೋಟ್‌ಬುಕ್ಕುಗಳು ಅಲ್ಲೇ ಇರಲಿ, ಮನೆಗೆ ಹೋಗುವುದು ಹೋಮ್‌ವರ್ಕಿನದ್ದು ಮಾತ್ರ. ಮೂರನೆಯದು, ದಿನಕ್ಕೆ ಏಳು ವಿಷಯಗಳ ಏಳು ಪೀರಿಯಡ್ ಬದಲು ನಾಲ್ಕು ವಿಷಯಗಳಿಗೆ ಜೋಡಿ ಪೀರಿಯಡ್. ಶಿಕ್ಷಕರ ಕೊರತೆ ಇರುವ ಕಡೆ ಇದು ಕಷ್ಟ, ಗೊತ್ತು. ಒಬ್ಬರೇ ಶಿಕ್ಷಕಿ ಎರಡು ತರಗತಿ ನೋಡುವ ಶಾಲೆಗೆ ಟೈಮ್‌ಟೇಬಲ್ ಪಾಠ ಹೇಳುವುದು ಸರಿಯೂ ಅಲ್ಲ. ಆದರೆ ವರ್ಷಕ್ಕೆ ಲಕ್ಷ ರೂಪಾಯಿ ಫೀಸ್ ತೆಗೆದುಕೊಳ್ಳುವ ಶಾಲೆಗೆ ಆ ನೆಪ ಇಲ್ಲ.

ಕೇಳುವ ಸಮಯ ಮುಖ್ಯ. ಪುಸ್ತಕದ ಪಟ್ಟಿ, ನೋಟ್‌ಬುಕ್ಕಿನ ಆರ್ಡರ್ ಬೇಸಿಗೆ ರಜೆಗೂ ಮುಂಚೆಯೇ ತೀರ್ಮಾನವಾಗಿರುತ್ತದೆ, ಜೂನ್ ಪೋಷಕರ ಸಭೆಯಲ್ಲಿ ಕೇಳಿದರೆ ‘ಮುಂದಿನ ವರ್ಷ ನೋಡೋಣ’ ಅನ್ನುತ್ತಾರೆ. ಫೆಬ್ರವರಿಯಲ್ಲಿ ಕೇಳಿ. ಹೋಗುವ ಮುಂಚೆ ಒಂದು ವಾರ ಮಗುವಿನ ಬ್ಯಾಗು ತೂಗಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಬೀದಿ ಕೊನೆಯ ದಿನಸಿ ಅಂಗಡಿಯಲ್ಲಿದೆ, ಯಾರೂ ಬೇಡ ಅನ್ನಲ್ಲ. ಸೋಮವಾರದಿಂದ ಶನಿವಾರದವರೆಗೆ ಆರು ಅಂಕಿ, ಜೊತೆಗೆ ಮಗುವಿನ ತೂಕ. ನಾಲ್ಕು ಮನೆಯವರು ಸೇರಿ ಬರೆದರೆ 24 ಅಂಕಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಅದನ್ನು ಬರೆಸಿ. ಖಾಸಗಿ ಶಾಲೆಯಾದರೆ 2019ರ ಆದೇಶದ ಪ್ರತಿಯೊಂದಿಗೆ ಆಡಳಿತ ಮಂಡಳಿಗೆ ಲಿಖಿತವಾಗಿ ಕೊಟ್ಟು ಒಂದು ಪ್ರತಿಯನ್ನು ಬಿಇಒ ಕಚೇರಿಗೆ ಹಾಕಿ, ಸ್ವೀಕೃತಿ ಮುದ್ರೆ ಒತ್ತಿಸಿಕೊಳ್ಳಿ. ಶಾಲೆಯಲ್ಲೇ ತೂಕದ ಯಂತ್ರ ಇಟ್ಟು ಆಗಾಗ ತೂಗಬೇಕು ಅಂತ 2020ರ ನೀತಿಯಲ್ಲೇ ಇದೆ, ಅದನ್ನೂ ಪತ್ರದಲ್ಲಿ ಕೇಳಿ. ವಾರದಲ್ಲಿ ಯಾವ ದಿನ ಅತಿ ಭಾರ ಎಂದು ಆ ಅಂಕಿಗಳಲ್ಲಿ ಕಂಡರೆ, ಆ ದಿನದ ಟೈಮ್‌ಟೇಬಲ್ಲಿನಿಂದಲೇ ಮಾತು ಶುರು ಮಾಡಬಹುದು.